ಮಂಗ, ಮೊಲ, ನರಿ, ಆಮೇಲೆ ಕುದುರೆ

ದಾನ ಕೊಟ್ಟ ಆಕಳ ಹಲ್ಲು ಎಣಿಸಬಾರದು ಅಂತಾರೆ. ಭಾನುವಾರ ಬೆಳಿಗ್ಗೆ ನಾನೂ ಆಚೆಮನೆ ಡಾಕ್ಟ್ರೂ ಕಾಂಪೌಂಡ್ ಗೋಡೆಯ ಮೇಲಿಟ್ಟುಕೊಂಡು ಎಣಿಸಿದ್ದು ದಾನಕ್ಕೆ ಬಂದ ಹಲ್ಲನ್ನೇ. ಅಮೆರಿಕದಲ್ಲಿರುವ ಅಕ್ಕನ ಮಗ ರಜೆಗೆ ಬರುವಾಗ ಮನೆಮಂದಿಗೆಲ್ಲ ಚಾಕೊಲೇಟು ತಂದವನು ನನಗೆ ಮಾತ್ರ ಒಂದು ದವಡೆಯ ತುಂಡು ತಂದಿದ್ದ. ಅಸಲಿಯಲ್ಲ, ಎರಕ ಹೊಯ್ದ ನಕಲು. ಮೇಲ್ದವಡೆಯ ಎಡಭಾಗ, ಐದು ಹಲ್ಲು, ಐದೂ ಸೇರಿ 4 ಸೆಂಟಿಮೀಟರ್ ಆಸುಪಾಸು. ಹಿಂದುಗಡೆ ‘ಮೊದಲ ಕುದುರೆ, ವಯೋಮಿಂಗ್’ ಅಂತ ಚೀಟಿ.

ಡಾಕ್ಟ್ರು ಅಂದರೆ ಪಶು ಡಾಕ್ಟ್ರು. ರಿಟೈರಾಗಿ ಎಷ್ಟೋ ಕಾಲವಾದರೂ ಬೀದಿಯಲ್ಲಿ ಹೋಗುವ ಎತ್ತಿನ ಮೂಗುದಾರ ಹಿಡಿದು ನಿಲ್ಲಿಸಿ ಬಾಯಿ ತೆರೆಸುವ ಚಪಲ ಬಿಟ್ಟಿಲ್ಲ. ತುಂಡನ್ನು ಕೈಗೆ ತೆಗೆದುಕೊಂಡು, ಕನ್ನಡಕ ಹಣೆಗೇರಿಸಿ, ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದರು.

“ಮೇಷ್ಟ್ರೇ, ಇದು ಕುದುರೆ ಅಂತ ಯಾರು ಹೇಳಿದ್ದು?”

“ಚೀಟೀಲೇ ಬರೆದಿದೆಯಲ್ಲ ಡಾಕ್ಟ್ರೇ.”

“ಚೀಟೀಲಿ ಏನು ಬೇಕಾದ್ರೂ ಬರೀಬಹುದು. ಸಂತೇಲಿ ಎತ್ತು ಮಾರೋನು ನಾಲ್ಕು ಹಲ್ಲು ಅಂತಾನೆ, ಬಾಯಿ ತೆಗೆಸಿ ನೋಡಿದ್ರೆ ಬಾಯಿಗೂಡಿ ಎಷ್ಟೋ ವರ್ಷ ಆಗಿರುತ್ತೆ. ನನ್ನ ಕೇಳಿದ್ರೆ ಇದು ಹಂದಿಮರಿ.”

ಡಾಕ್ಟ್ರು ತಮಾಷೆಗೆ ಹೇಳಿದ್ದಲ್ಲ. ಅವರ ಕಣ್ಣಿಗೆ ಕಂಡದ್ದು ಸರಿಯಾಗಿಯೇ ಇತ್ತು. ಅವರು ಸರ್ವಿಸಿನಲ್ಲಿ ಕಂಡ ಕುದುರೆಯ ದವಡೆಹಲ್ಲು ಅಂದರೆ ಉದ್ದನೆಯ ದಿಂಡು. ಎಳೆ ಕುದುರೆಯಲ್ಲಿ ಒಂದೊಂದು 7ರಿಂದ 10 ಸೆಂಟಿಮೀಟರ್ ಉದ್ದವಿರುತ್ತದೆ. ಅದರಲ್ಲಿ ಬಹುಪಾಲು ದವಡೆಯ ಮೂಳೆಯೊಳಗೇ ಹುದುಗಿರುತ್ತದೆ. ಮೇಲೆ ವರ್ಷಕ್ಕೆ 2–3 ಮಿಲಿಮೀಟರ್ ಸವೆದಂತೆಲ್ಲ ಕೆಳಗಿನಿಂದ ಅಷ್ಟೇ ಮೇಲೇಳುತ್ತದೆ. ಮೇಲ್ಮೈಯಲ್ಲಿ ಎನಾಮೆಲ್ಲಿನ ಮಡಿಕೆಗಳು ಸುತ್ತಿ ಸುಳಿದು ಚಿತ್ತಾರ ಬರೆದಿರುತ್ತವೆ. ಎನಾಮೆಲ್ ಗಟ್ಟಿ, ಅದರ ಒಳಗಿನ ದಂತದ್ರವ್ಯ ಮೆತ್ತಗೆ, ಸಂದುಗಳಲ್ಲಿ ತುಂಬಿಕೊಂಡ ಸಿಮೆಂಟು ಇನ್ನೂ ಮೆತ್ತಗೆ. ಮೂರೂ ಒಂದೇ ಸಮ ಸವೆಯುವುದಿಲ್ಲ, ಹಾಗಾಗಿ ಹುಲ್ಲು ಅರೆಯಲು ಏಣುಗಳು ಸದಾ ಎದ್ದೇ ಇರುತ್ತವೆ. ಗೋಡೆಯ ಮೇಲಿದ್ದ ನಕಲಿನಲ್ಲಿ ಇದ್ಯಾವುದೂ ಇಲ್ಲ. ಒಂದೊಂದು ಹಲ್ಲೂ ಕಡಲೆಕಾಳಿನಷ್ಟು. ಗಿಡ್ಡ. ಸಿಮೆಂಟಿನ ಸುಳಿವೇ ಇಲ್ಲ. ಚಿತ್ತಾರದ ಬದಲು ಮೇಲೆಲ್ಲ ಗುಂಡನೆಯ ಉಬ್ಬುಗಳು. ಒಮ್ಮೆ ಹುಟ್ಟಿದರೆ ಆಯಿತು, ಸವೆದದ್ದು ಸವೆದೇ ಹೋಗುವ ಹಲ್ಲು, ನಮ್ಮ ನಿಮ್ಮ ಹಲ್ಲಿನ ಥರ.

ಡಾಕ್ಟ್ರನ್ನು ಸುಮ್ಮನಾಗಿಸಬೇಕಾದರೆ ದೊಡ್ಡವರ ಹೆಸರು ಎತ್ತಬೇಕು. ರಿಚರ್ಡ್ ಓವೆನ್ ಕಥೆ ತೆಗೆದೆ.

ಓವೆನ್ ಅಂದರೆ ಇಂಗ್ಲೆಂಡಿನ ಅಂಗರಚನಾಶಾಸ್ತ್ರಕ್ಕೆ ಆ ಕಾಲದಲ್ಲಿ ಪೀಠಾಧಿಪತಿ ಇದ್ದ ಹಾಗೆ. ಡೈನೋಸಾರ್ ಅನ್ನುವ ಹೆಸರು ಕೊಟ್ಟ ಮನುಷ್ಯ. 1839ರಲ್ಲಿ ಸಫೋಕ್ ಪ್ರಾಂತದ ಕೈಸನ್ ಅನ್ನುವ ಕಡೆ, ಮರಳಿನ ಪದರದಲ್ಲಿ ಸಿಕ್ಕಿದ ಸಣ್ಣ ಹಲ್ಲು ಅವರ ಮುಂದೆ ಬಂತು. ನೋಡಿದರು, ಅಳೆದರು, ಮಂಗ ಅಂದರು. ಅದೂ ಯಾವುದೋ ಮಂಗವಲ್ಲ, ನಮ್ಮ ಕೋತಿಯ ಕುಲವಾದ ಮಕಾಕ್. ಇಂಗ್ಲೆಂಡಿನ ಮಣ್ಣಿನಲ್ಲಿ ಅಷ್ಟು ಹಳೆಯ ಕೋತಿ! ಭೂವಿಜ್ಞಾನಿಗಳಿಗೆಲ್ಲ ದೊಡ್ಡ ಸುದ್ದಿ. ಅದೇ ಸುಮಾರಿಗೆ ಕೆಂಟ್ ಕರಾವಳಿಯ ಹರ್ನ್ ಬೇ ಹತ್ತಿರ ಸ್ಟಡ್ ಹಿಲ್ ಅನ್ನುವ ಕಡೆ ವಿಲಿಯಂ ರಿಚರ್ಡ್‌ಸನ್ ಅನ್ನುವವರಿಗೆ ಒಂದು ಪುಟ್ಟ ತಲೆಬುರುಡೆ ಸಿಕ್ಕಿತು, ಕೆಳದವಡೆ ಇಲ್ಲ. ಓವೆನ್ 1841ರಲ್ಲಿ ಅದಕ್ಕೆ ಹೈರಾಕೋಥೀರಿಯಂ ಲೆಪೊರಿನಮ್ ಎಂದು ಹೆಸರಿಟ್ಟರು. ಹೈರಾಕ್ಸ್ ಎಂಬುದು ಆಫ್ರಿಕಾ, ಅರಬ್ ದೇಶಗಳ ಬಂಡೆಗಳ ಸಂದಿಯಲ್ಲಿ ಬದುಕುವ ಪ್ರಾಣಿ. ಲೆಪೊರಿನಮ್ ಅಂದರೆ ಮೊಲದಂಥದ್ದು. ಹಲ್ಲು ನೋಡಿದರೆ ಹಂದಿಯ ಕಡೆಯದ್ದೂ ಹೌದು ಅಂತ ಅವರಿಗೆ ಅನ್ನಿಸಿತ್ತು.

“ನೋಡಿದ್ರಾ?” ಅಂದರು ಡಾಕ್ಟ್ರು, ಗೋಡೆಗೆ ಬಡಿದು.

ಇನ್ನೂ ಇದೆ. 1858ರಲ್ಲಿ ಹಾರ್ವಿಚ್ ಹತ್ತಿರ ಸಿಕ್ಕಿದ ಇನ್ನೊಂದು, ಇನ್ನೂ ಚೆನ್ನಾಗಿ ಉಳಿದ ಬುರುಡೆಗೆ ಅದೇ ಓವೆನ್ ಸಾಹೇಬರು ಪ್ಲಯೋಲೋಫಸ್ ವಲ್ಪಿಸೆಪ್ಸ್ ಎಂದರು. ವಲ್ಪಿಸೆಪ್ಸ್ ಅಂದರೆ ನರಿತಲೆ. 1862ರಲ್ಲಿ ಕೈಸನ್ನಿನ ಕೋತಿಯನ್ನು ಮತ್ತೆ ಹೊರಗೆ ತೆಗೆದು, ಪಕ್ಕದಲ್ಲಿ ಇವನ್ನೆಲ್ಲ ಇಟ್ಟು ನೋಡಿ, ಅದು ಕೋತಿಯಲ್ಲ, ಹೈರಾಕೋಥೀರಿಯಮ್ಮೇ ಎಂದು ತಾವೇ ಬರೆದು ಪ್ರಕಟಿಸಿದರು. ಅಲ್ಲಿಗೆ ಮಂಗ, ಮೊಲ, ನರಿ ಮೂರೂ ಒಂದೇ ಮನೆಯವು ಅಂತಾಯಿತು. ಇಷ್ಟಾದರೂ ಓವೆನ್ ಬಾಯಲ್ಲಿ ಇದು ಕುದುರೆಯ ಮೂಲ ಅಂತ ಬರಲಿಲ್ಲ.

“ಅಷ್ಟು ದೊಡ್ಡ ಮನುಷ್ಯನಿಗೇ ಗೊತ್ತಾಗಲಿಲ್ಲ ಅಂದ್ರೆ, ಇವರಿಗೆ ಹೇಗ್ರೀ ಗೊತ್ತಾಯ್ತು?”

ಅದೇ ಪ್ರಶ್ನೆ. ಆ ಹಲ್ಲನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಉತ್ತರ ಸಿಗುವುದಿಲ್ಲ ಅಂತ ನನ್ನ ಅಭಿಪ್ರಾಯ. ಮಂಗದ ಹಲ್ಲಿನಂತೆ ಕಂಡದ್ದು ಯಾಕೆ? ಕೆಳದವಡೆಯ ಹಲ್ಲಿನ ಮೇಲೆ ನಾಲ್ಕು ಗುಂಡು ಉಬ್ಬು. ಹಣ್ಣು, ಎಳೆ ಎಲೆ ತಿನ್ನುವ ಯಾವ ಸಣ್ಣ ಪ್ರಾಣಿಗಾದರೂ ಅಂಥದ್ದೇ ಸಾಕು. ಏನು ತಿನ್ನುತ್ತಿತ್ತು ಅಂತ ಹಲ್ಲು ಚೆನ್ನಾಗಿ ಹೇಳಿತು. ಯಾರ ಮಗ ಅಂತ ಹೇಳಲಿಲ್ಲ. ಜರ್ಮನಿಯ ಮೆಸ್ಸೆಲ್ ಗಣಿಯಲ್ಲಿ ಇದರ ಸೋದರಸಂಬಂಧಿಗಳ ಇಡೀ ಅಸ್ಥಿಪಂಜರಗಳು ಸಿಕ್ಕಿವೆ, ಸುಮಾರು 4.7 ಕೋಟಿ ವರ್ಷ ಹಿಂದಿನವು. ಹೊಟ್ಟೆಯಿದ್ದ ಜಾಗದಲ್ಲಿ ಎಲೆಯ ಚೂರುಗಳು, ದ್ರಾಕ್ಷಿಯ ಬೀಜ. ಹುಲ್ಲಲ್ಲ.

ಅಷ್ಟರಲ್ಲಿ ಡಾಕ್ಟ್ರ ಮನೆಯವರು ಹಿತ್ತಲ ಬಾಗಿಲಿಗೆ ಬಂದರು. “ಏನೂಂದ್ರೆ, ಕಾಫಿ ಆರ್ತಾ ಇದೆ. ಮೇಷ್ಟ್ರೇ, ನಿಮಗೂ ತರ್ಲಾ? ಇಬ್ಬರೂ ಬೆಳಿಗ್ಗೆ ಬೆಳಿಗ್ಗೆ ಯಾರ ಹಲ್ಲು ನೋಡ್ತಿದ್ದೀರಿ? ನನಗೆ ಹಲ್ಲು ನೋವು ಬಂದಾಗ ಇವರು ಒಂದು ದಿನ ಹೀಗೆ ಕನ್ನಡಕ ಏರಿಸಿ ನೋಡಲಿಲ್ಲ.”

“ನೀನು ಕಚ್ತೀಯ ಅಂತ ಭಯ ಕಣೇ,” ಅಂದರು ಡಾಕ್ಟ್ರು. ಕಾಫಿ ಬರುವುದು ಸ್ವಲ್ಪ ತಡವಾಯಿತು.

ಅದು ಬರುವವರೆಗೆ ಡಾಕ್ಟ್ರು ನನಗೆ ಬದುಕಿರುವ ಕುದುರೆಯ ಬಾಯಿ ಪಾಠ ಮಾಡಿದರು. ವಯಸ್ಸಿಗೆ ಬಾಚಿಹಲ್ಲು. ಎರಡೂವರೆ ವರ್ಷಕ್ಕೆ ನಡುವಿನ ಜೋಡಿಯ ಹಾಲುಹಲ್ಲು ಬಿದ್ದು ಕಾಯಂ ಹಲ್ಲು ಬರುತ್ತದೆ, ಮೂರೂವರೆಗೆ ಪಕ್ಕದ್ದು, ನಾಲ್ಕೂವರೆಗೆ ಮೂಲೆಯದ್ದು. ಆಮೇಲೆ ಕೆಳಹಲ್ಲಿನ ಮೇಲಿನ ಗುಳಿ ಅಳಿಯುತ್ತ ಹೋಗುತ್ತದೆ: 6ಕ್ಕೆ ನಡುವಿನದು, 7ಕ್ಕೆ ಪಕ್ಕದ್ದು, 8ಕ್ಕೆ ಮೂಲೆಯದ್ದು. 10ರ ಹೊತ್ತಿಗೆ ಮೇಲಿನ ಮೂಲೆಹಲ್ಲಿನಲ್ಲಿ ವಸಡಿನ ಬಳಿ ಒಂದು ಗೀರು ಕಾಣಿಸಿಕೊಂಡು, 20ರ ಸುಮಾರಿಗೆ ತುದಿಯವರೆಗೂ ಇಳಿದಿರುತ್ತದೆ. “ಇದೆಲ್ಲ ಅಂದಾಜು ಅನ್ನಿ. ಮೇವು ಬದಲಾದ್ರೆ, ಕೊಟ್ಟಿಗೆ ಕಂಬ ಕಚ್ಚೋ ಚಟ ಇದ್ರೆ ಲೆಕ್ಕ ತಪ್ಪುತ್ತೆ. ಆದ್ರೆ ಜಾತಿ ಹೇಳಬೇಕು ಅಂದ್ರೆ ಬಾಚಿ ಸಾಲದು, ದವಡೆಗೇ ಹೋಗಬೇಕು.”

ಪಳೆಯುಳಿಕೆಯವರೂ ದವಡೆಗೇ ಹೋಗುತ್ತಾರೆ. ಮೂಳೆ ಒಡೆದು ಚದುರಿ ಹೋಗುತ್ತದೆ, ಮುಕ್ಕಾಲು ಪಾಲು ಕೈಗೆ ಸಿಗುವುದೇ ಹಲ್ಲು. ಎನಾಮೆಲ್ಲಿನಲ್ಲಿ ನೂರಕ್ಕೆ 96ರಷ್ಟು ಖನಿಜವೇ ಇರುವುದರಿಂದ ಅದು ಕೋಟಿ ವರ್ಷ ತಡೆದುಕೊಳ್ಳುತ್ತದೆ. ವಯೋಮಿಂಗ್‌ನ ಬಿಗ್‌ಹಾರ್ನ್ ಕಣಿವೆಯಲ್ಲಿ ಕೆಂಪು ಬೂದು ಪಟ್ಟೆಯ ಮಣ್ಣುಗುಡ್ಡಗಳಿವೆ. ಅಲ್ಲಿ ಮಳೆ ಬಿದ್ದ ಮೇಲೆ ನೆಲ ನೋಡುತ್ತ ನಡೆದರೆ ಕಪ್ಪಗೆ ಮಿಂಚುವ ಚೂರುಗಳು ಕಾಣುತ್ತವೆ. ಅವುಗಳಲ್ಲಿ ಈ ಪುಟ್ಟ ಕುದುರೆಯವೂ ಸಾಕಷ್ಟು.

ಡಾಕ್ಟ್ರು ಒಳಗೆ ಹೋಗಿ ಎರಡು ವಸ್ತು ತಂದರು. ಒಂದು ಭೂತಗನ್ನಡಿ. ಇನ್ನೊಂದು ಹಳೆಯ ಮಾತ್ರೆ ಡಬ್ಬಿ. ಅದರಲ್ಲಿ ಹತ್ತಿ, ಹತ್ತಿಯ ಮೇಲೆ ಒಂದು ಸಣ್ಣ ಮೊಳೆಯಂಥ ಹಲ್ಲು.

“ಇದು ಗೊತ್ತಾ? ವುಲ್ಫ್ ಟೂತ್ ಅಂತಾರೆ. ದವಡೆಹಲ್ಲಿನ ಸಾಲು ಶುರುವಾಗೋ ಮುಂಚೆ, ಕಡಿವಾಣ ಕೂರೋ ಜಾಗದ ಪಕ್ಕದಲ್ಲೇ ಬರುತ್ತೆ. ಎಲ್ಲಾ ಕುದುರೆಗೂ ಬರಲ್ಲ. ಬಂದ್ರೆ ಕಡಿವಾಣ ತಾಗಿ ನೋವು, ಕುದುರೆ ತಲೆ ಒದರುತ್ತೆ. ಕಿತ್ತು ಹಾಕ್ತೀವಿ. ಒಂದನ್ನ ಇಟ್ಕೊಂಡಿದ್ದೆ.”

ಅದನ್ನು ನಕಲಿನ ಪಕ್ಕ ಇಟ್ಟೆವು. ಇಷ್ಟು ವರ್ಷ ಡಾಕ್ಟ್ರು ಇಕ್ಕಳದಲ್ಲಿ ಕೀಳುತ್ತಿದ್ದದ್ದು ಮೊದಲನೆಯ ಮುಂದವಡೆ ಹಲ್ಲಿನ ಪಳೆಯುಳಿಕೆಯನ್ನೇ ಅನ್ನಬಹುದು, ಜೀವಂತ ಬಾಯಲ್ಲಿ. ಹಳೆಯ ಪುಟ್ಟ ಕುದುರೆಗಳಿಗೆ ಒಂದೊಂದು ಬದಿಗೆ, ಮೇಲೂ ಕೆಳಗೂ, ಬಾಚಿ 3, ಕೋರೆ 1, ಮುಂದವಡೆ 4, ದವಡೆ 3, ಒಟ್ಟು 44. ಇಂದಿನ ಗಂಡು ಕುದುರೆಗೆ ಸಾಮಾನ್ಯವಾಗಿ 40, ಹೆಣ್ಣಿಗೆ ಕೋರೆ ಮೂಡುವುದು ಅಪರೂಪ, ಹಾಗಾಗಿ 36. ನಾಲ್ಕು ಮುಂದವಡೆಗಳಲ್ಲಿ ಮೊದಲನೆಯದು ಸಣ್ಣದಾಗುತ್ತ ಆಗುತ್ತ ಈ ಮೊಳೆಯಾಯಿತು. ಉಳಿದ ಮೂರು ಬೇರೆ ದಾರಿ ಹಿಡಿದವು, ಆ ದಾರಿಯೇ ಗುರುತು.

ಭೂತಗನ್ನಡಿ ಹಿಡಿದು ಆ ಐದು ಹಲ್ಲನ್ನು ನೋಡಿದೆವು. ಹಿಂದಿನ ಮೂರು ಹೆಚ್ಚು ಕಡಿಮೆ ಚೌಕ. ನಾಲ್ಕು ಮೂಲೆಗೆ ನಾಲ್ಕು ಉಬ್ಬು. ನಡುವೆ ಇನ್ನೆರಡು ಸಣ್ಣ ಉಬ್ಬು, ಹೊರಗಿನ ಉಬ್ಬನ್ನೂ ಒಳಗಿನ ಉಬ್ಬನ್ನೂ ಓರೆಯಾಗಿ ಸೇರಿಸುವ ಹಾಗೆ. ಅಡ್ಡಕ್ಕೆ ಎರಡು ಏಣು ಮೂಡುತ್ತಿವೆ, ಆದರೆ ಏಣು ಅನ್ನುವಷ್ಟು ಕೂಡಿಕೊಂಡಿಲ್ಲ. ಬೆರಳಲ್ಲಿ ಸವರಿದರೆ ಪ್ರತಿ ಉಬ್ಬೂ ಬೇರೆ ಬೇರೆ ತಗಲುತ್ತದೆ. ಮುಂದಿನ ಎರಡು, ಅಂದರೆ ಮೂರನೆಯ ಮತ್ತು ನಾಲ್ಕನೆಯ ಮುಂದವಡೆ, ಚೌಕವಲ್ಲ, ತ್ರಿಕೋನ. ಒಳಬದಿಯಲ್ಲಿ ಎರಡರ ಬದಲು ಒಂದೇ ದೊಡ್ಡ ಉಬ್ಬು.

“ಇವು ಇನ್ನೂ ಅರೆಯೋ ಕೆಲಸಕ್ಕೆ ಸೇರಿಲ್ಲ,” ಅಂದರು ಡಾಕ್ಟ್ರು.

ಅದೇ. ಮೇಲಿನ, ಅಂದರೆ ಈಚಿನ ಪದರಗಳ ಕುದುರೆಗಳಿಗೆ ಬಂದಂತೆಲ್ಲ ಒಂದೊಂದೇ ಮುಂದವಡೆ ಹಲ್ಲು ಚೌಕವಾಗುತ್ತದೆ. ಓರೋಹಿಪ್ಪಸ್‌ನಲ್ಲಿ ನಾಲ್ಕನೆಯದು ಹಿಂದಿನ ದವಡೆಹಲ್ಲಿನ ರೂಪ ತಾಳುತ್ತದೆ. ಎಪಿಹಿಪ್ಪಸ್‌ಗೆ ಬಂದರೆ ಮೂರನೆಯದೂ ಸೇರುತ್ತದೆ. ಮೀಸೊಹಿಪ್ಪಸ್ ಹೊತ್ತಿಗೆ ಎರಡನೆಯದೂ. ಅಲ್ಲಿಗೆ ಆರು ಹಲ್ಲು ಒಂದೇ ಸಾಲಾಗಿ ಅರೆಯಲು ನಿಂತವು. ಇವತ್ತಿನ ಕುದುರೆಯಲ್ಲೂ ಅದೇ ಆರು. ಕುದುರೆಯ ಇತಿಹಾಸ ಅಂದರೆ ಎಲ್ಲರೂ ಬೆರಳು ಉದುರಿ ಗೊರಸಾದ ಕಥೆ ಹೇಳುತ್ತಾರೆ, ಶಾಲೆಯಲ್ಲಿ ನಾನೂ ಬೋರ್ಡಿನ ಮೇಲೆ ಅದನ್ನೇ ಬರೆಯುತ್ತಿದ್ದೆ. ಕಾಲಿನ ಮೂಳೆ ಸಿಗುವುದು ಅಪರೂಪ. ನಿಜವಾಗಿ ಕೈಗೆ ಸಿಕ್ಕಿ ಹೆಸರು ಹೇಳಲು ಬರುವುದು ಈ ಮುಂದವಡೆ ಹಲ್ಲಿನಲ್ಲಿ.

ಎತ್ತರದ ಹಲ್ಲು, ಸಿಮೆಂಟು, ಎನಾಮೆಲ್ ಮಡಿಕೆ ಇವೆಲ್ಲ ಬಹಳ ತಡವಾಗಿ, ಪ್ಯಾರಾಹಿಪ್ಪಸ್, ಮೆರಿಕಿಪ್ಪಸ್ ಕಾಲಕ್ಕೆ, ಸುಮಾರು 2 ಕೋಟಿ ವರ್ಷದಿಂದ ಈಚೆಗೆ ಬಂದದ್ದು. ಆ ಹಲ್ಲನ್ನು ಡಾಕ್ಟ್ರೇನು, ಜಟಕಾ ಹೊಡೆಯುವವನೂ ಕುದುರೆಯದ್ದು ಅಂದಾನು. ಕಷ್ಟವಿರುವುದು ಬುಡದಲ್ಲಿ.

ಬುಡದಲ್ಲಿ ಎಂಥ ಕಷ್ಟ ಅಂದರೆ, ಕುದುರೆ, ಟೇಪಿರ್, ಘೇಂಡಾಮೃಗ ಮೂವರ ಪೂರ್ವಿಕರೂ ಅಕ್ಕಪಕ್ಕದಲ್ಲೇ ಮೇಯುತ್ತಿದ್ದವು, ಹಲ್ಲುಗಳೂ ಒಂದನ್ನೊಂದು ಹೋಲುತ್ತಿದ್ದವು. ಅದೇ ವಯೋಮಿಂಗ್ ಮಣ್ಣಿನಲ್ಲಿ ಹೋಮೊಗ್ಯಾಲಾಕ್ಸ್ ಎಂಬ ಪ್ರಾಣಿಯ ಹಲ್ಲು ಸಿಗುತ್ತದೆ; ಅದು ಟೇಪಿರ್ ಕಡೆಯದು. ಅದರ ಮೇಲ್ದವಡೆಹಲ್ಲಿನಲ್ಲಿ ಅಡ್ಡ ಏಣುಗಳೆರಡೂ ಒಂದೇ ನೇರಕ್ಕೆ, ಚೂಪಾಗಿ, ಉಬ್ಬುಗಳನ್ನು ನುಂಗಿಕೊಂಡು ನಿಂತಿರುತ್ತವೆ. ಕುದುರೆಯ ಕಡೆಯದರಲ್ಲಿ ಉಬ್ಬುಗಳು ಏಣಿನೊಳಗೆ ಇನ್ನೂ ತಲೆ ಎತ್ತಿಕೊಂಡಿರುತ್ತವೆ. ಕೆಳದವಡೆಯಲ್ಲಿ ಇನ್ನೊಂದು ಗುರುತು: ಒಳಬದಿಯ ಮುಂದಿನ ಉಬ್ಬಿನ ತುದಿ ಕುದುರೆಯಲ್ಲಿ ಇಬ್ಭಾಗವಾಗುತ್ತ ಬರುತ್ತದೆ. ಮುಂದೆ ಕೋಟಿ ಕೋಟಿ ವರ್ಷ ಕಳೆದ ಮೇಲೆ ಆ ಜೋಡಿತುದಿಯೇ ಕುದುರೆಯ ಕೆಳಹಲ್ಲಿನ ಮೇಲೆ ಜೋಡಿ ಕುಣಿಕೆಯಾಗಿ ಕಾಣುತ್ತದೆ. ಶುರುವಿನಲ್ಲಿ ಅದು ಕೂದಲೆಳೆಯಷ್ಟು ಸೀಳು. ಹಲ್ಲು ಸ್ವಲ್ಪ ಸವೆದಿದ್ದರೆ ಅದೂ ಇಲ್ಲ. ಅಮೆರಿಕದ ಎಡ್ವರ್ಡ್ ಕೋಪ್ ಹೆಸರಿಟ್ಟ ಒಂದು ಜಾತಿಗೆ ಟೇಪಿರಿನಮ್ ಎಂದೇ ಹೆಸರಿದೆ. ಇವತ್ತು ಅದು ಕುದುರೆಯ ಕಡೆಯ ಪಟ್ಟಿಯಲ್ಲಿದೆ.

“ಹಾಲುಹಲ್ಲಾಗಿದ್ರೆ?” ಡಾಕ್ಟ್ರು ಕೇಳಿದರು.

ಕೇಳಬೇಕಾದವರೇ ಕೇಳಿದರು. ಮರಿಯ ಬಾಯಲ್ಲಿ ಕೊನೆಯ ಹಾಲುಹಲ್ಲು ಅದರ ಜಾಗಕ್ಕೆ ಮುಂದೆ ಬರುವ ಮುಂದವಡೆ ಹಲ್ಲಿನಂತೆ ಇರುವುದಿಲ್ಲ, ಹಿಂದಿನ ದವಡೆಹಲ್ಲಿನಂತೆ ಚೌಕವಾಗಿರುತ್ತದೆ. ಮರಿಗೂ ಅರೆದು ತಿನ್ನಬೇಕಲ್ಲ. ದವಡೆಹಲ್ಲು ಬರುವವರೆಗೆ ಆ ಕೆಲಸ ಇದರದ್ದೇ. ಈಗ ಮಣ್ಣಿನಲ್ಲಿ ಒಂಟಿಯಾಗಿ ಅಂಥ ಹಾಲುಹಲ್ಲು ಸಿಕ್ಕಿತು ಅನ್ನಿ. ಅವಸರದವನು ಅದನ್ನು ಚೌಕವಾದ ಮುಂದವಡೆ ಅಂದುಕೊಂಡರೆ ಪ್ರಾಣಿ ಐವತ್ತು ಲಕ್ಷ ವರ್ಷ ಮುಂದಕ್ಕೆ ಜಿಗಿಯುತ್ತದೆ. ದವಡೆಹಲ್ಲು ಅಂದುಕೊಂಡರೆ ಸಣ್ಣ ಗಾತ್ರದ ಹೊಸ ಜಾತಿಯೊಂದು ಹುಟ್ಟುತ್ತದೆ. ಗುರುತು ಹಿಡಿಯುವುದು ಎನಾಮೆಲ್ಲಿನ ತೆಳುವಿನಿಂದ, ಗಿಡ್ಡ ತಲೆಯಿಂದ, ಕೆಳಗೆ ಬರಲಿರುವ ಹಲ್ಲಿಗೆ ಜಾಗ ಬಿಟ್ಟು ಕವಲೊಡೆದ ಬೇರಿನಿಂದ. ಬೇರು ಮುರಿದಿದ್ದರೆ ದೇವರೇ ಗತಿ.

ಕಾಫಿ ಬಂತು. ಲೋಟ ಇಡಲು ಹಲ್ಲುಗಳನ್ನು ಸರಿಸಿದೆವು. ಡಾಕ್ಟ್ರ ಮನೆಯವರು ಡಬ್ಬಿಯೊಳಗಿನ ಮೊಳೆ ನೋಡಿ, “ಇದಿನ್ನೂ ಇದೆಯಾ? ಹೋದ ದೀಪಾವಳಿಗೇ ಎಸೆದೆ ಅಂದ್ಕೊಂಡಿದ್ದೆ,” ಅಂದು ಒಳಗೆ ಹೋದರು.

ಸರಿ, ಕುದುರೆ ಅಂತ ಹೇಗೆ ಗೊತ್ತಾಯಿತು. ಕೆಳಗಿನಿಂದ ಮೇಲಕ್ಕೆ ಹೋಗಿ ಗೊತ್ತಾದದ್ದಲ್ಲ, ಮೇಲಿನಿಂದ ಕೆಳಗಿಳಿದು ಗೊತ್ತಾದದ್ದು. ಯೇಲ್ ವಿಶ್ವವಿದ್ಯಾಲಯದ ಆತ್ನಿಯಲ್ ಮಾರ್ಷ್ ಹತ್ತಿರ ದುಡ್ಡೂ ಇತ್ತು, ಪಶ್ಚಿಮದ ಬಯಲುಗಳಲ್ಲಿ ಅಗೆಯುವ ಆಳುಗಳೂ ಇದ್ದರು. ಒಂದೊಂದು ಪದರದ ಹಲ್ಲು, ಕಾಲು ಪೆಟ್ಟಿಗೆ ಪೆಟ್ಟಿಗೆಯಾಗಿ ನ್ಯೂ ಹೇವನ್‌ಗೆ ಬರುತ್ತಿದ್ದವು. 1876ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಥಾಮಸ್ ಹಕ್ಸ್‌ಲಿ ಅಲ್ಲಿಗೆ ಹೋದರು. ಅವರ ತಲೆಯಲ್ಲಿದ್ದದ್ದು ಯೂರೋಪಿನಲ್ಲಿ ಕುದುರೆ ಬೆಳೆದ ಕಥೆ. ಮಾರ್ಷ್ ಪೆಟ್ಟಿಗೆಯ ಮೇಲೆ ಪೆಟ್ಟಿಗೆ ತೆರೆಸಿ ತೋರಿಸಿದ ಮೇಲೆ ಆ ಕಥೆ ಬಿಟ್ಟರು, ನ್ಯೂಯಾರ್ಕ್ ಭಾಷಣವನ್ನು ತಿದ್ದಿಕೊಂಡರು. ಇನ್ನೂ ಸಿಗದ, ಇನ್ನೂ ಹಳೆಯ ಕುದುರೆಯ ಮೇಲೆ ಒಬ್ಬ ಪುಟ್ಟ ಆದಿಮಾನವ ಕೂತಿರುವ ವ್ಯಂಗ್ಯಚಿತ್ರ ಬರೆದುಕೊಟ್ಟು ಬಂದರು. ಅದೇ ವರ್ಷ ಮಾರ್ಷ್ ಇಯೋಹಿಪ್ಪಸ್, ಅಂದರೆ ಮುಂಜಾವಿನ ಕುದುರೆ, ಎಂಬ ಹೆಸರು ಪ್ರಕಟಿಸಿದರು. ಮೇಲಿನ ಪದರದ ಹಲ್ಲು ಕೆಳಗಿನ ಪದರದ ಹಲ್ಲನ್ನು ಕೈಹಿಡಿದು ಪರಿಚಯ ಮಾಡಿಸಿಕೊಟ್ಟಿತು ಅಷ್ಟೇ. ಓವೆನ್ ಹತ್ತಿರ ಆ ಸಾಲು ಇರಲಿಲ್ಲ. ಕಣ್ಣಿಗೇನೂ ಕೊರತೆಯಿರಲಿಲ್ಲ.

ಈ ಇಯೋಹಿಪ್ಪಸ್ಸೂ ಓವೆನ್ನರ ಹೈರಾಕೋಥೀರಿಯಮ್ಮೂ ಒಂದೇ ಎಂದು ಕ್ಲೈವ್ ಫಾರ್ಸ್ಟರ್ ಕೂಪರ್ ಬರೆದದ್ದು 1932ರಲ್ಲಿ. ಹಳೆಯ ಹೆಸರಿಗೇ ಹಕ್ಕು ಎಂಬ ನಿಯಮದ ಪ್ರಕಾರ ‘ಮುಂಜಾವಿನ ಕುದುರೆ’ ಹೋಗಿ ‘ಹೈರಾಕ್ಸ್ ಮೃಗ’ ಉಳಿಯಿತು. ಆಮೇಲೆ ಲಂಡನ್ನಿನ ಜೆರೆಮಿ ಹುಕರ್ ಹಲ್ಲು ಬುರುಡೆ ಮತ್ತೆ ನೋಡಿ, ಓವೆನ್ನರ ಆ ಮೂಲ ಪ್ರಾಣಿ ಕುದುರೆಯ ನೇರ ಸಾಲಿನದಲ್ಲ, ಪೇಲಿಯೋಥೀರ್ ಎಂಬ ಯೂರೋಪಿನ ದಾಯಾದಿ ಸಾಲಿನದು ಎಂದರು. 2002ರಲ್ಲಿ ಡೇವಿಡ್ ಫ್ರೋಲಿಕ್ ಅಮೆರಿಕದ ಹೈರಾಕೋಥೀರಿಯಂಗಳನ್ನೆಲ್ಲ ಬಿಡಿಸಿ ಸಿಫ್ರಿಪ್ಪಸ್, ಮಿನಿಪ್ಪಸ್, ಅರೆನಾಹಿಪ್ಪಸ್, ಇಯೋಹಿಪ್ಪಸ್ ಎಂದು ಹಲವು ಹೆಸರಿಗೆ ಹಂಚಿದರು. ಹಾಗಾಗಿ ಪಠ್ಯಪುಸ್ತಕದಲ್ಲಿ ‘ಮೊದಲ ಕುದುರೆ ಹೈರಾಕೋಥೀರಿಯಂ’ ಅಂತ ಓದಿದವರು, ಓದಿಸಿದವರು ಎಲ್ಲರೂ ಈಗ ಅಡ್ಡಗೋಡೆಯ ಮೇಲೆ. ಈ ಹಂಚಿಕೆಯನ್ನು ಎಲ್ಲರೂ ಒಪ್ಪಿಲ್ಲ. ನನಗೂ ಕೆಲವು ಹೆಸರು ಅತಿಯಾಯಿತು ಅನ್ನಿಸುತ್ತದೆ. ಒಂದು ಏಣಿನ ಓರೆ ಒಂದು ಡಿಗ್ರಿ ಹೆಚ್ಚಾಯಿತು ಅಂತ ಹೊಸ ಕುಲ ಕಟ್ಟಬೇಕೇ?

“ಒಂದೇ ಕೊಟ್ಟಿಗೇಲಿ ಹುಟ್ಟಿದ ಎರಡು ಕರುಗೇ ಒಂದೇ ಥರ ಹಲ್ಲಿರಲ್ಲ,” ಅಂದರು ಡಾಕ್ಟ್ರು.

ಇದಕ್ಕೆ ಸಾಕ್ಷಿ ಇದೆ. ಕೊಲರಾಡೊದ ಹುವೆರ್ಫಾನೊ ಕಣಿವೆಯಲ್ಲಿ ಈ ಪುಟ್ಟ ಕುದುರೆಗಳ ಒಂದು ಗುಂಪೇ ಒಂದೇ ಜಾಗದಲ್ಲಿ ಸಿಕ್ಕಿತು. ಫಿಲಿಪ್ ಗಿಂಗರಿಚ್ 1981ರಲ್ಲಿ ಅವುಗಳನ್ನು ಅಳೆದು ನೋಡಿದರೆ, ಗಂಡಿನ ಬುರುಡೆ ಹೆಣ್ಣಿನದ್ದಕ್ಕಿಂತ ಶೇಕಡಾ 15ರಷ್ಟು ದೊಡ್ಡದು, ಕೋರೆಹಲ್ಲು ಶೇಕಡಾ 40ರಷ್ಟು ದೊಡ್ಡದು. ಅವೇ ಕೋರೆಗಳು ಬೇರೆ ಬೇರೆ ಗುಡ್ಡದಲ್ಲಿ ಒಂಟಿ ಒಂಟಿಯಾಗಿ ಸಿಕ್ಕಿದ್ದರೆ ಗಂಡ ಹೆಂಡತಿಗೆ ಬೇರೆ ಬೇರೆ ಜಾತಿಯ ಹೆಸರು ಬೀಳುತ್ತಿತ್ತು. ಇಂದಿನ ಹೆಣ್ಣು ಕುದುರೆಗೆ ಕೋರೆ ಮೂಡುವುದೇ ಅಪರೂಪ ಎಂಬುದರ ಬೇರು ಇಲ್ಲಿಗೇ ಬಂದು ಮುಟ್ಟುತ್ತದೆ ಅಂತ ನನ್ನ ಊಹೆ.

ಗಾತ್ರದ ವಿಷಯವಂತೂ ಇನ್ನೂ ಮೋಸ. ಇಂಗ್ಲಿಷ್ ಪಠ್ಯಪುಸ್ತಕಗಳು ಈ ಪ್ರಾಣಿ ‘ಫಾಕ್ಸ್ ಟೆರಿಯರ್ ನಾಯಿಯಷ್ಟು’ ಎಂದು ಒಂದರಿಂದ ಇನ್ನೊಂದು ನಕಲು ಮಾಡಿಕೊಂಡು ಬಂದ ಕಥೆಯನ್ನು ಸ್ಟೀಫನ್ ಜೇ ಗೂಲ್ಡ್ ಒಂದು ಪ್ರಬಂಧದಲ್ಲಿ ಬಯಲಿಗೆಳೆದಿದ್ದಾರೆ. ಬರೆದವರಲ್ಲಿ ಆ ನಾಯಿಯನ್ನು ಕಂಡವರು ಎಷ್ಟು ಮಂದಿಯೋ! ಹಲ್ಲಿನ ಉದ್ದ ಅಗಲ ಗುಣಿಸಿದರೆ ತೂಕದ ಅಂದಾಜು ಸಿಗುತ್ತದೆ, ಮತ್ತು ಆ ಅಂದಾಜು ನಿಂತ ಕಡೆ ನಿಲ್ಲುವುದಿಲ್ಲ. 5.6 ಕೋಟಿ ವರ್ಷ ಹಿಂದೆ ಭೂಮಿ ಒಮ್ಮೆ ಇದ್ದಕ್ಕಿದ್ದಂತೆ ಕಾದಿತ್ತು. ರಾಸ್ ಸೆಕಾರ್ಡ್ ಮತ್ತು ಸಂಗಡಿಗರು ಬಿಗ್‌ಹಾರ್ನ್ ಕಣಿವೆಯ ಸಿಫ್ರಿಪ್ಪಸ್ ಹಲ್ಲುಗಳನ್ನು ಪದರದ ಪ್ರಕಾರ ಜೋಡಿಸಿ ಅಳೆದು 2012ರಲ್ಲಿ ಪ್ರಕಟಿಸಿದರು: ಸುಮಾರು 5.6 ಕಿಲೋ ಇದ್ದ ಪ್ರಾಣಿ, ಸೆಕೆ ಏರಿದ 1,30,000 ವರ್ಷಗಳಲ್ಲಿ 4 ಕಿಲೋಗಿಂತ ಕೆಳಕ್ಕೆ ಇಳಿಯಿತು. ಸೆಕೆ ತಗ್ಗಿದಾಗ 7 ಕಿಲೋಗೆ ಏರಿತು. ಸೆಕೆ ಎಷ್ಟಿತ್ತು ಎಂದು ಹೇಳಿದ್ದೂ ಹಲ್ಲೇ. ಆ ಕಾಲದ ಪ್ರಾಣಿಗಳ ಎನಾಮೆಲ್ಲಿನಲ್ಲಿ ಉಳಿದ ಆಮ್ಲಜನಕದ ಐಸೊಟೋಪುಗಳ ಲೆಕ್ಕದಿಂದ. ಆರು ಕಿಲೋ ಅಂದರೆ ಡಾಕ್ಟ್ರ ಮನೆಯ ಬೆಕ್ಕಿಗಿಂತ ಚೂರು ಹೆಚ್ಚು.

“ಅದರ ಮೇಲೆ ಯಾರು ಸವಾರಿ ಮಾಡೋರು?” ಡಾಕ್ಟ್ರು ಲೋಟ ಖಾಲಿ ಮಾಡಿದರು. “ಹೋಗ್ಲಿ, ನಮ್ಮ ಕಡೆ ಇಂಥದ್ದು ಸಿಗಲ್ವಾ?”

ಕರ್ನಾಟಕದಲ್ಲಿ ಹುಡುಕಿ ಫಲವಿಲ್ಲ. ನಮ್ಮ ಕಲ್ಲು ಬಹುಪಾಲು ಕುದುರೆಗಿಂತ ಎಷ್ಟೋ ಕೋಟಿ ವರ್ಷ ಹಳೆಯದು. ಕುಣಿಗಲ್ಲಿನ ಕುದುರೆ ಫಾರಂ ಹಳೆಯದೇ, ಆದರೆ ಅದು ಟಿಪ್ಪುವಿನ ಕಾಲದ ಲೆಕ್ಕ. ಶಿವಾಲಿಕ್ ಬೆಟ್ಟಗಳಲ್ಲಿ ಫಾಲ್ಕನರ್, ಕಾಟ್ಲಿ ಎಂಬ ಹಳೆಯ ಪಳೆಯುಳಿಕೆ ಸಂಗ್ರಾಹಕರ ಕಾಲದಿಂದಲೂ ಕುದುರೆಯ ಹಲ್ಲು ಸಿಕ್ಕಿವೆ, ಅವು ತೀರಾ ಈಚಿನವು, ಎತ್ತರದ ಹಲ್ಲಿನವು. ಬುಡದ ಕಥೆಗೆ ಗುಜರಾತಿಗೆ ಹೋಗಬೇಕು. ಸೂರತ್ ಜಿಲ್ಲೆಯ ವಸ್ತಾನ್ ಲಿಗ್ನೈಟ್ ಗಣಿಯಲ್ಲಿ, ಕಲ್ಲಿದ್ದಲಿನ ಪದರಗಳ ನಡುವಿನ ಮಣ್ಣಿನಲ್ಲಿ ಸಿಕ್ಕಿದ ಪ್ರಾಣಿಗೆ ಸುನಿಲ್ ಬಾಜಪೇಯಿ ಮತ್ತು ಸಂಗಡಿಗರು 2005ರಲ್ಲಿ ಕ್ಯಾಂಬೇಥೀರಿಯಂ ಎಂದು ಹೆಸರಿಟ್ಟರು, ಖಂಬಾತದ ಮೃಗ. ಸುಮಾರು 5.4 ಕೋಟಿ ವರ್ಷ ಹಿಂದಿನದು; ಆಗ ಭಾರತ ಏಷ್ಯಾಕ್ಕೆ ಬಂದು ಅಪ್ಪಳಿಸುವ ಹಂತದಲ್ಲಿತ್ತು. ಹಲ್ಲುಗಳಲ್ಲಿ ಏಣಿಗಿಂತ ಉಬ್ಬೇ ಹೆಚ್ಚು. ಕೆನೆತ್ ರೋಸ್, ಅಶೋಕ್ ಸಾಹ್ನಿ, ರಾಜೇಂದ್ರ ರಾಣಾ ಮೊದಲಾದವರು ಅಲ್ಲಿಂದಲೇ ಇನ್ನೂರಕ್ಕೂ ಹೆಚ್ಚು ತುಂಡುಗಳನ್ನು ಕೂಡಿಸಿ 2014ರಲ್ಲಿ ಹೇಳಿದ್ದು ಇಷ್ಟು: ಇದು ಕುದುರೆಯಲ್ಲ, ಟೇಪಿರ್ ಅಲ್ಲ, ಘೇಂಡಾಮೃಗವೂ ಅಲ್ಲ; ಈ ಮೂವರೂ ಸೇರಿದ ಕುಟುಂಬಕ್ಕೆ ತೀರ ಹತ್ತಿರದ ಸೋದರ. ಆ ಕುಟುಂಬ ಭಾರತದಲ್ಲೋ ಅದರ ಆಸುಪಾಸಿನಲ್ಲೋ ರೂಪುಗೊಂಡಿರಬಹುದು ಎಂಬ ವಾದ ಅಲ್ಲಿಂದ ಬಲವಾಯಿತು.

ಡಾಕ್ಟ್ರು ಇದನ್ನು ಕೇಳಿ ಬಹಳ ಹೊತ್ತು ಮಾತಾಡಲಿಲ್ಲ ಅಂದರೆ ನೀವು ನಂಬಬೇಡಿ. ತಕ್ಷಣವೇ, “ಗಣಿಯೋರು ಲಿಗ್ನೈಟ್ ತೆಗೆಯೋ ಭರದಲ್ಲಿ ಎಷ್ಟು ಟನ್ ಹಲ್ಲು ಬಾಯ್ಲರಿಗೆ ಹಾಕಿದ್ರೋ ಏನೋ!” ಅಂದರು. ಮಾತು ಅಲ್ಲಿಂದ ಕರೆಂಟ್ ಬಿಲ್ಲಿಗೆ ಹೋಯಿತು.

ಓದುವವರಿಗೆ ಒಂದು ಮಾತು. ಶಿವಾಲಿಕ್ ಕಡೆಗೋ ಕಛ್ ಕಡೆಗೋ ಪ್ರವಾಸ ಹೋದಾಗ ಮಣ್ಣಿನಲ್ಲಿ ಕಪ್ಪಗೆ ಮಿಂಚುವ ಹಲ್ಲು ಕಂಡರೆ ಕಿತ್ತು ಜೇಬಿಗೆ ಹಾಕಬೇಡಿ. ಅದು ಯಾವ ಪದರದಲ್ಲಿತ್ತು, ಪಕ್ಕದಲ್ಲಿ ಯಾವ ಹಲ್ಲಿತ್ತು ಎಂಬುದು ತಪ್ಪಿಹೋದರೆ ಓವೆನ್ನರಂಥವರ ಕೈಯಲ್ಲೂ ಅದು ಮಂಗವೇ ಆಗುತ್ತದೆ. ಇದ್ದಲ್ಲೇ ಫೋಟೊ ತೆಗೆದು, ಜಾಗ ಗುರುತು ಹಾಕಿಕೊಂಡು, ಹತ್ತಿರದ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗಕ್ಕೋ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಗೋ ತಿಳಿಸಿ.